ಫ್ರೀಜರಿಗೆ ಹೋದ ಇಂಜೆಕ್ಷನ್

8 ಜುಲೈ 2025, ಮಂಗಳವಾರ
ಮಂಗಳೂರು

"ಸಿಸ್ಟರ್, ಎರಡೂ ಇಂಜೆಕ್ಷನ್ ಮೇಲೆ ಫ್ರೀಜರಲ್ಲಿ ಇಟ್ಟಿದ್ದೇನೆ. ಹಾಳಾಗ್ಲಿಕ್ಕಿಲ್ಲ ಅಲ್ವಾ?"

ಬೆಳ್ತಂಗಡಿಯ ಅಕ್ಕನ ಫೋನು, ಸಂಜೆ ಏಳೂವರೆಗೆ. ಅವರ ಅತ್ತಿಗೆಯ ಎರಡನೇ ಕೀಮೋ ಇವತ್ತು ಮಧ್ಯಾಹ್ನ ಎರಡೂವರೆಗೆ ಮುಗಿದಿತ್ತು. ಹೋಗುವಾಗ ಕೈಯಲ್ಲಿ ಎರಡು ಮದ್ದು ಇದ್ದವು. ಒಂದು, ನಾಳೆ ಚುಚ್ಚಬೇಕಾದ ಪೆಗ್‌ಫಿಲ್ಗ್ರಾಸ್ಟಿಮ್, ಅಂದರೆ ಬಿಳಿ ರಕ್ತಕಣ ಏರಿಸುವ ಇಂಜೆಕ್ಷನ್, 6 ಮಿಲಿಗ್ರಾಂ, ತುಂಬಿಸಿಯೇ ಬರುವ ಸಿರಿಂಜು. ಇನ್ನೊಂದು, ಇವತ್ತು ಕೊಟ್ಟು ಉಳಿದ ಟ್ರಾಸ್ಟುಜುಮ್ಯಾಬ್, ಅಂದರೆ ಸ್ತನ ಕ್ಯಾನ್ಸರಿಗೆ ಕೊಡುವ ಮದ್ದು, ಅದರ ವಯಲ್ (ಸಣ್ಣ ಗಾಜಿನ ಬಾಟಲಿ).

"ಯಾವಾಗ ಇಟ್ಟದ್ದು ಅಕ್ಕ?"

"ಮನೆಗೆ ಬಂದ ಕೂಡ್ಲೇ. ಐದೂವರೆ ಆಗಿರಬಹುದು. ಈಗ ನೋಡಿದ್ರೆ ಸಿರಿಂಜಿನ ಒಳಗೆ ಗಟ್ಟಿ ಆಗಿದೆ."

"ವಯಲ್?"

"ಅದೂ ಹಾಗೇ. ಮದ್ದು ಕೊಡುವಾಗ ಐಸಲ್ಲೇ ಇರ್ಬೇಕು ಅಂದಿದ್ರು. ಇಲ್ಲಿ ಗಾಳಿಮಳೆಗೆ ಕರೆಂಟ್ ಹೋಗಿ ಬಂದು ಮಾಡ್ತಾ ಉಂಟು. ಫ್ರೀಜರಲ್ಲಾದ್ರೆ ಹೆಚ್ಚು ಹೊತ್ತು ತಣ್ಣಗೆ ನಿಲ್ತದಲ್ಲ ಅಂತ."

ಅವರು ಯೋಚಿಸಿದ್ದರಲ್ಲಿ ಎಂತ ತಪ್ಪು? ಐಸಿನಲ್ಲಿಡಿ ಎಂದವರು 2ರಿಂದ 8 ಡಿಗ್ರಿ ಸೆಲ್ಸಿಯಸ್ ಎಂದು ಬಿಡಿಸಿ ಹೇಳಲಿಲ್ಲ. ತಂಪು ಬೇಕು ಅಂದಮೇಲೆ ಜಾಸ್ತಿ ತಂಪು ಜಾಸ್ತಿ ಒಳ್ಳೆಯದೆಂದು ಯಾರಿಗಾದರೂ ಅನಿಸುತ್ತದೆ. ಈ ಮದ್ದುಗಳು ಮಾತ್ರ ಪ್ರೋಟೀನು. ಜೀವಕೋಶಗಳಲ್ಲಿ ಬೆಳೆಸಿ ತೆಗೆದದ್ದು, ಮಾತ್ರೆಯ ಹಾಗೆ ರಾಸಾಯನಿಕವಾಗಿ ಕೂಡಿಸಿದ್ದಲ್ಲ. ಮಡಚಿಕೊಂಡ ಆಕಾರದಲ್ಲೇ ಅದರ ಕೆಲಸ ಇರುವುದು. ಹೆಪ್ಪುಗಟ್ಟಿದರೆ, ಬಿಸಿಯಾದರೆ, ಕುಲುಕಿ ನೊರೆ ಎದ್ದರೆ ಆ ಮಡಿಕೆ ಬಿಚ್ಚಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಬೆಂದ ಮೊಟ್ಟೆಯ ಬಿಳಿ ಮತ್ತೆ ನೀರಾಗದಲ್ಲ, ಹಾಗೆ. ಅಂಟಿಕೊಂಡ ಪ್ರೋಟೀನು ಕೆಲಸಕ್ಕೆ ಬರುವುದಿಲ್ಲ ಎಂಬುದು ಒಂದು ಕಡೆ. ದೇಹ ಅದನ್ನು ಪರಕೀಯವೆಂದು ಗುರುತಿಸಿ ಪ್ರತಿಕಾಯ ತಯಾರಿಸಿಬಿಟ್ಟರೆ ಮುಂದಿನ ಡೋಸುಗಳಿಗೂ ತೊಂದರೆ. ಕಣ್ಣಿಗೆ ಕಾಣಿಸುತ್ತದೆಯೇ ಎಂದರೆ ಅದೂ ಇಲ್ಲ. ಕರಗಿದ ಮೇಲೆ ತಿಳಿ ನೀರಿನ ಹಾಗೆಯೇ ಇರಬಹುದು. "ಬಣ್ಣ ಸರಿ ಉಂಟು ಸಿಸ್ಟರ್" ಎಂಬ ಮಾತಿನ ಮೇಲೆ ಏನನ್ನೂ ತೀರ್ಮಾನಿಸುವ ಹಾಗಿಲ್ಲ.

ಸಿರಿಂಜನ್ನು ಬಿಸಿನೀರಿನಲ್ಲಿ ಇಡಬೇಡಿ, ಕೈಯಲ್ಲಿ ತಿಕ್ಕಬೇಡಿ, ಫ್ರಿಜ್ಜಿನ ನಡುವಿನ ಹಲಗೆಗೆ ಇಳಿಸಿ, ಪೆಟ್ಟಿಗೆಯೊಳಗಿನ ಚೀಟಿಯ ಫೋಟೋ ಕಳಿಸಿ ಅಂದೆ. ಇದರಲ್ಲಿ ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಉಂಟು. ಮೂಲ ಪೆಗ್‌ಫಿಲ್ಗ್ರಾಸ್ಟಿಮ್‌ನ ಅಮೆರಿಕದ ಚೀಟಿಯಲ್ಲಿ, ಒಂದು ಸಲ ಹೆಪ್ಪುಗಟ್ಟಿದರೆ ಫ್ರಿಜ್ಜಿನಲ್ಲೇ ಕರಗಿಸಿ ಕೊಡಬಹುದು, ಎರಡನೇ ಸಲವಾದರೆ ಎಸೆಯಬೇಕು ಎಂದಿದೆ. ಅದನ್ನು ಓದಿ ಎಲ್ಲ ಬ್ರಾಂಡಿಗೂ ಹಾಕುವ ಹಾಗಿಲ್ಲ. ಅಕ್ಕ ಕಳಿಸಿದ ಫೋಟೋದಲ್ಲಿ ಹೆಪ್ಪುಗಟ್ಟಿದ್ದನ್ನು ಬಳಸಬಾರದೆಂದು ಸ್ಪಷ್ಟವಾಗಿ ಇತ್ತು. ಡಾಕ್ಟರಿಗೆ ಹೇಳಿದೆ. ಹೊಸ ಸಿರಿಂಜೇ ಆಗಬೇಕು.

ಪುಣ್ಯಕ್ಕೆ ಸಮಯ ಉಂಟು. ಕೀಮೋ ಮುಗಿದು 24 ಗಂಟೆ ಆಗದೆ ಇದನ್ನು ಚುಚ್ಚುವುದೇ ಇಲ್ಲ. ಈ ಮದ್ದು ಮೂಳೆ ಮಜ್ಜೆಯ ಎಳೆಯ ಕೋಶಗಳನ್ನು ಬೇಗ ಬೇಗ ಒಡೆದು ಹೆಚ್ಚಾಗಲು ತಳ್ಳುತ್ತದೆ. ಕೀಮೋ ಮದ್ದು ಹೊಡೆಯುವುದು ಒಡೆಯುತ್ತಿರುವ ಕೋಶಗಳನ್ನೇ. ಎರಡನ್ನೂ ಒಟ್ಟಿಗೆ ಕೊಟ್ಟರೆ ಹುಟ್ಟಿಸಿ ಸಾಯಿಸಿದಂತೆ, ಕೌಂಟ್ ಇನ್ನೂ ಕೆಳಗೆ ಹೋಗುತ್ತದೆ. ನಾಳೆ ಮಧ್ಯಾಹ್ನ ಎರಡೂವರೆಯ ನಂತರ, ಶುಕ್ರವಾರ ಎರಡೂವರೆಯ ಒಳಗೆ ಕೊಟ್ಟರಾಯಿತು. ಮುಂದಿನ ಕೀಮೋಗೆ 14 ದಿನಕ್ಕಿಂತ ಕಡಿಮೆ ಬಾಕಿ ಇರುವಾಗಲೂ ಕೊಡುವಂತಿಲ್ಲ. ಮೂರು ವಾರದ ಸೈಕಲ್ಲಿಗೆ ಅದು ಸರಿಹೋಗುತ್ತದೆ. ವಾರವಾರ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಮದ್ದು ತೆಗೆದುಕೊಳ್ಳುವವರಿಗೆ ಈ ಪೆಗ್ ಆಗುವುದಿಲ್ಲ.

ನನಗೆ ಸಂಕಟ ಆದದ್ದು ವಯಲ್‌ದು.

ಟ್ರಾಸ್ಟುಜುಮ್ಯಾಬ್ ಪುಡಿಯ ರೂಪದಲ್ಲಿ ಬರುತ್ತದೆ, 440 ಮಿಲಿಗ್ರಾಂ. ಜೊತೆಗೆ ಕೊಡುವ 20 ಎಂ.ಎಲ್. ನೀರನ್ನು ವಯಲಿನ ಒಳಗೋಡೆಗೆ ತಾಗಿಸಿ ಮೆಲ್ಲಗೆ ಬಿಡಬೇಕು. ಪುಡಿಯ ಮೇಲೆ ಜೋರಾಗಿ ಬಿಟ್ಟರೆ ನೊರೆ ಏಳುತ್ತದೆ. ಆಮೇಲೆ ಅಂಗೈಯಲ್ಲಿ ಹಿಡಿದು ನಿಧಾನಕ್ಕೆ ಸುತ್ತಿಸುವುದು, ಕುಲುಕುವುದಲ್ಲ. ಐದು ನಿಮಿಷ ಹಾಗೇ ಬಿಟ್ಟರೆ ನೊರೆ ಇಳಿದು ತಿಳಿಹಳದಿ ದ್ರವ ನಿಲ್ಲುತ್ತದೆ, ಒಂದು ಎಂ.ಎಲ್.ಗೆ 21 ಮಿಲಿಗ್ರಾಂ. ಆ ನೀರಿನಲ್ಲಿ ಬೆಂಜೈಲ್ ಆಲ್ಕೋಹಾಲ್ ಎಂಬ ಸಂರಕ್ಷಕ ಇರುವುದರಿಂದ ಕಲಸಿದ ವಯಲು ಫ್ರಿಜ್ಜಿನಲ್ಲಿ 28 ದಿನ ಬಾಳುತ್ತದೆ. ಅದು ಸಿಗಲಿಲ್ಲವೆಂದು ಸಾದಾ ಸ್ಟೆರೈಲ್ ವಾಟರಿನಲ್ಲಿ ಕಲಸಿದರೆ ಆಗಲೇ ಬಳಸಿ ಉಳಿದದ್ದನ್ನು ಚೆಲ್ಲಬೇಕು. ಡ್ರಿಪ್ಪಿಗೆ ಹಾಕುವುದು 250 ಎಂ.ಎಲ್. ಸಲೈನಿಗೆ ಮಾತ್ರ. ಗ್ಲೂಕೋಸಿಗೆ ಸೇರಿಸಿದರೆ ಪ್ರೋಟೀನು ಮುದ್ದೆಗಟ್ಟುತ್ತದೆ. ಹೊಸದಾಗಿ ಬಂದವರಿಗೆ ಮೊದಲು ಹೇಳಿಕೊಡುವುದು ಇದನ್ನೇ.

ಅತ್ತಿಗೆಯ ತೂಕ 55 ಕಿಲೋ. ಮೊದಲ ಡೋಸ್ ಕಿಲೋಗೆ 8 ಮಿಲಿಗ್ರಾಂನಂತೆ 440, ಒಂದು ವಯಲು ಪೂರ್ತಿ. ಎರಡನೆಯದರಿಂದ ಕಿಲೋಗೆ 6, ಅಂದರೆ 330. ಉಳಿಯುವುದು 110, ಸುಮಾರು 5.2 ಎಂ.ಎಲ್. 21 ದಿನ ಬಿಟ್ಟು ಅದನ್ನೂ ಹೊಸ ವಯಲಿನಿಂದ 220 ಅನ್ನೂ ಸೇರಿಸಿದರೆ ಮೂರನೇ ಡೋಸ್. ಹೀಗೆ ಹೋದರೆ ನಾಲ್ಕು ಡೋಸಿಗೆ ಮೂರು ವಯಲು ಸಾಕು. ವರ್ಷಕ್ಕೆ 18 ಡೋಸ್. ಪ್ರತಿ ಸಲ ಉಳಿದದ್ದನ್ನು ಚೆಲ್ಲಿದರೆ 18 ವಯಲು, ಜೋಪಾನ ಮಾಡಿದರೆ 14. ನಾಲ್ಕು ವಯಲಿನ ದುಡ್ಡು ಒಂದು ಮನೆಗೆ ಎಷ್ಟು ಭಾರ ಎಂದು ನಮ್ಮ ಕೀಮೋ ಡೇ ಕೇರಿನಲ್ಲಿ ಕೂತವರಿಗೆ ಯಾರೂ ಹೇಳಬೇಕಾಗಿಲ್ಲ. ಬೆಂಗಳೂರಿನ ಬಯೋಕಾನಿನವರ ಬಯೋಸಿಮಿಲರ್, ಅಂದರೆ ಮೂಲ ಮದ್ದನ್ನು ಹೋಲುವ ಇನ್ನೊಂದು ಕಂಪನಿಯ ಮದ್ದು, 2014ರಲ್ಲಿ ಬಂದಮೇಲೆ ಬೆಲೆ ಇಳಿಯಿತು, ನಿಜ. ಇಳಿದರೂ ಅಡಿಕೆ ಮಾರಿದ ದುಡ್ಡು ಅಲ್ಲೇ ಹೋಗುವುದು.

28 ದಿನದ ಈ ಗಡುವಿಗೆ ಇನ್ನೊಂದು ಮುಖ ಉಂಟು. ಡೋಸ್ ಒಂದು ವಾರಕ್ಕಿಂತ ಹೆಚ್ಚು ತಡವಾದರೆ ಮತ್ತೆ ಕಿಲೋಗೆ 8ರ ಡೋಸಿನಿಂದ ಶುರು ಮಾಡಬೇಕು. 21ಕ್ಕೆ 7 ಕೂಡಿಸಿದರೆ 28. ಅಂದರೆ ಉಳಿದ ವಯಲು ಅವಧಿ ಮೀರುವುದೂ ಪೂರ್ತಿ ಹೊಸ ವಯಲು ಬೇಕಾಗುವುದೂ ಒಂದೇ ದಿನ. ಮದುವೆ, ನೇಮ ಎಂದು ಮುಂದೂಡುವವರಿಗೆ ನಾನು ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸುತ್ತೇನೆ. ಮೂರು ತಿಂಗಳಿಗೊಮ್ಮೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿಕೊಂಡೇ ಬರಬೇಕೆಂದೂ ಅದರ ಕೆಳಗೆ ಬರೆಯುತ್ತೇನೆ. ಎಕೋ ಇಲ್ಲದೆ ಬಂದು, ಅದಕ್ಕಾಗಿಯೇ ಡೋಸ್ ವಾರ ತಡವಾದವರು ಇದ್ದಾರೆ.

ಉಳಿದ ವಯಲನ್ನು ಮನೆಯವರ ಕೈಗೆ ಕೊಟ್ಟು ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ಕಲಸಿದ ಪ್ರೋಟೀನು ಬಿ.ಸಿ. ರೋಡಿನ ಹೊಂಡಗಳಲ್ಲಿ ಕುಲುಕಿಕೊಂಡು ಬೆಳ್ತಂಗಡಿಗೆ ಹೋಗಿ, ಮೀನಿನ ಡಬ್ಬದ ಪಕ್ಕ ಮೂರು ವಾರ ಕೂತು, ಮತ್ತೆ ಅದೇ ದಾರಿಯಲ್ಲಿ ಬರಬೇಕು. ಹೆಸರು, ಕಲಸಿದ ತಾರೀಕು, ಗಂಟೆ ಬರೆದು ಆಸ್ಪತ್ರೆಯ ಫಾರ್ಮಸಿ ಫ್ರಿಜ್ಜಿನಲ್ಲೇ ಇಡಬಹುದು. ಅಲ್ಲಿ ದಿನಕ್ಕೆರಡು ಸಲ ಉಷ್ಣಾಂಶ ಬರೆದಿಡುತ್ತಾರೆ, ಜನರೇಟರ್ ಉಂಟು. ಬೇರೆಯವರಿಗೆ ಬಳಸಿಬಿಡುತ್ತಾರೆ ಎಂಬ ಭಯದಿಂದ ಮನೆಯವರೇ ಕೇಳಿ ಒಯ್ಯುವುದೂ ಉಂಟು. ಆ ಭಯ ಹೋಗಬೇಕಾದರೆ ವಯಲಿನ ಮೇಲೆ ಅವರೇ ಸಹಿ ಹಾಕಲಿ, ಮುಂದಿನ ಸಲ ಅವರ ಕಣ್ಣೆದುರೇ ತೆಗೆಯೋಣ. ಇಷ್ಟು ಮಾಡಲು ಒಂದು ರಿಜಿಸ್ಟರ್ ಪುಸ್ತಕ ಸಾಕು.

ಹೆಪ್ಪುಗಟ್ಟಿದ ಆ ವಯಲಿಗೆ ಎರಡನೇ ಮಾತಿಲ್ಲ, ಎಸೆಯುವುದೇ. ಹೇಳಿದಾಗ ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಅಣ್ಣನಿಗೆ ಹೇಗೆ ಹೇಳುದು ಸಿಸ್ಟರ್?" ಅಂದರು. ಆಗ ನನಗೂ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಲೆಕ್ಕ ಹಾಕಿದೆ. ಉಳಿದ ಡೋಸ್ 16, ತಲಾ 330ರಂತೆ 5,280. ಅದನ್ನು 440ರಿಂದ ಭಾಗಿಸಿದರೆ ಸರಿಯಾಗಿ 12. ಈಗಾಗಲೇ ಆದ ಎರಡು ಸೇರಿ 14! ತೂಕ ಹೀಗೇ ಇದ್ದರೆ ಇವತ್ತಿನ ನಷ್ಟದಿಂದ ವರ್ಷದ ಲೆಕ್ಕದಲ್ಲಿ ಒಂದು ವಯಲೂ ಹೆಚ್ಚಾಗುವುದಿಲ್ಲ. ಇನ್ನೊಂದು ಸಲ ಮಾತ್ರ ಆಗಬಾರದು. ಬೆಳಿಗ್ಗೆ ಮೊದಲ ಫೋನು ಅವರಿಗೇ.

ಹೊಸ ಸಿರಿಂಜಿನ ಜೊತೆ ಬರೆದು ಕಳಿಸುವುದು: ಫ್ರಿಜ್ಜಿನ ನಡುವಿನ ಹಲಗೆ. ಬಾಗಿಲಲ್ಲಿ ಬೇಡ, ಫ್ರೀಜರಿನ ಅಡಿಗೆ ತಾಗಿ ಬೇಡ, ಹಿಂದಿನ ಗೋಡೆಗೆ ಒರಗಿಸಿ ಬೇಡ, ಅಲ್ಲೂ ಹೆಪ್ಪುಗಟ್ಟುತ್ತದೆ. ತರುವಾಗ ಥರ್ಮಾಕೋಲ್ ಪೆಟ್ಟಿಗೆ, ಜೆಲ್ ಪ್ಯಾಕ್, ನಡುವೆ ಪೇಪರಿನ ದಪ್ಪ ಮಡಿಕೆ. ಐಸು ನೇರ ತಾಗಬಾರದು. ಬಸ್ಸಿನಲ್ಲಿ ಡ್ರೈವರನ ಪಕ್ಕದ ಇಂಜಿನ್ ಬಾನೆಟ್ ಮೇಲೆ ಚೀಲ ಇಡಬೇಡಿ, ಸುಡುತ್ತದೆ. ಕರೆಂಟ್ ಹೋದರೆ ಫ್ರಿಜ್ಜಿನ ಬಾಗಿಲು ತೆರೆಯಬೇಡಿ, ಸುಮಾರು 4 ಗಂಟೆ ತಂಪು ನಿಲ್ಲುತ್ತದೆ. ಚುಚ್ಚುವ ಅರ್ಧ ಗಂಟೆ ಮೊದಲು ಹೊರಗೆ ತೆಗೆದಿಡಿ, ತಣ್ಣಗಿದ್ದರೆ ಉರಿಯುತ್ತದೆ. ಹೊಕ್ಕುಳಿನಿಂದ ಎರಡು ಇಂಚು ದೂರ, ಚರ್ಮ ಚಿವುಟಿ ಹಿಡಿದು. ಊರಿನ ಕ್ಲಿನಿಕ್ಕಿನಲ್ಲಿ ಕೊಡಿಸುವುದಾದರೆ ಸೊಂಟಕ್ಕಲ್ಲ, ಚರ್ಮದಡಿಗೆ ಎಂದು ಹೇಳಿ. ತಿಕ್ಕುವುದು ಬೇಡ.

ಮೂಳೆ ನೋವು ಬರುತ್ತದೆ, ಸೊಂಟ, ಬೆನ್ನು, ಎದೆಮೂಳೆ. ಮಜ್ಜೆ ಕೆಲಸ ಮಾಡುತ್ತಿರುವುದರ ನೋವು ಅದು, ಪ್ಯಾರಾಸಿಟಮಾಲಿಗೆ ಕಡಿಮೆಯಾಗುತ್ತದೆ. ಆದರೆ ಮಾತ್ರೆ ನುಂಗುವ ಮೊದಲು ಜ್ವರ ನೋಡಲೇಬೇಕು. ಪ್ಯಾರಾಸಿಟಮಾಲ್ ಜ್ವರವನ್ನು ಮುಚ್ಚಿಡುತ್ತದೆ. 101 ಡಿಗ್ರಿ ಫ್ಯಾರನ್‌ಹೀಟ್ ಒಂದು ಸಲ ಕಂಡರೂ ಸಾಕು, 100.4 ಒಂದು ಗಂಟೆ ನಿಂತರೂ ಸಾಕು, ರಾತ್ರಿಯಾದರೂ ಹೊರಡಬೇಕು. ಎಡ ಪಕ್ಕೆಲುಬಿನ ಕೆಳಗೆ, ಎಡ ಭುಜದ ತುದಿಯಲ್ಲಿ ಜೋರು ನೋವು ಬಂದರೂ ಹಾಗೆಯೇ. ಅಪರೂಪಕ್ಕೆ ಗುಲ್ಮ ಒಡೆಯುವುದುಂಟು.

ನಮ್ಮಲ್ಲಿ ಈ ತಿಂಗಳೇ ಕಷ್ಟದ್ದು. ಜುಲೈಯಲ್ಲಿ ಜ್ವರ ಎಂದರೆ ಮಲೇರಿಯಾ, ಡೆಂಗಿ, ಇಲಿಜ್ವರ. ಕ್ಲಿನಿಕ್ಕಿಗೆ ಹೋದರೆ ಆ ಟೆಸ್ಟಿಗೆ ಬರೆದು, ಮಾತ್ರೆ ಕೊಟ್ಟು, ನಾಳೆ ಬನ್ನಿ ಅನ್ನುತ್ತಾರೆ. ಬೇರೆಯವರಿಗೆ ಅದು ಸರಿಯೇ. ಕೀಮೋ ಆಗಿ 7ರಿಂದ 14 ದಿನದೊಳಗಿನವರಿಗೆ ನಾಳೆ ಎಂಬುದು ತಡ. ನ್ಯೂಟ್ರೊಫಿಲ್, ಅಂದರೆ ಸೋಂಕನ್ನು ಎದುರಿಸುವ ಬಿಳಿ ರಕ್ತಕಣ, 500ಕ್ಕಿಂತ ಕೆಳಗಿದ್ದರೆ ಸೋಂಕು ಗಂಟೆಗಳಲ್ಲೇ ರಕ್ತಕ್ಕೆ ಹರಡಬಹುದು. ಕ್ಯಾಜುವಾಲ್ಟಿಯಲ್ಲಿ ಬಾಯಿಂದ ಬರಬೇಕಾದ ಮೊದಲ ಮಾತು "ಕೀಮೋ ಪೇಷಂಟ್, ಇಂಥ ದಿನ ಕೀಮೋ ಆಗಿದೆ". ಬ್ಲಡ್ ಕಲ್ಚರ್ ತೆಗೆದು ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಶುರುವಾಗಬೇಕು. ಮಲೇರಿಯಾ ಟೆಸ್ಟೂ ಆಗಲಿ, ಜೊತೆಗೆ.

ಸುಳ್ಯದ ಅಣ್ಣನ ಮಗ ಮಧ್ಯಾಹ್ನ ಕೇಳಿದ್ದು ಈಗ ನೆನಪಾಯಿತು. ಅಪ್ಪನಿಗೆ ಬಾಯಿ ಕ್ಯಾನ್ಸರ್, ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ ನಿವೊಲುಮ್ಯಾಬ್. ಪೂರ್ತಿ ಡೋಸ್ 240, ಅದನ್ನು ನಮ್ಮಲ್ಲಿ ಎಷ್ಟು ಮಂದಿ ಭರಿಸಿಯಾರು? ಮಾತ್ರೆಗಳ ಜೊತೆ ಈ 20ನ್ನೇ ಕೊಟ್ಟು ಮುಂಬಯಿಯ ಟಾಟಾ ಮೆಮೋರಿಯಲ್‌ನವರು ಮಾಡಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಒಂದು ವರ್ಷ ಬದುಕಿದವರು ನೂರಕ್ಕೆ 16ರಿಂದ 43ಕ್ಕೆ ಏರಿದ್ದರು. 40ರ ವಯಲಿನಲ್ಲಿ ಇಬ್ಬರಿಗಾಗುತ್ತದೆ. ಹಾಗಾಗಿ ಇವರನ್ನೂ ಇದೇ ಮದ್ದಿನ ಮೂಲ್ಕಿಯವರೊಬ್ಬರನ್ನೂ ಒಂದೇ ದಿನ ಕರೆಯುತ್ತೇವೆ. ಇದರಲ್ಲಿ ಸಂರಕ್ಷಕ ಇಲ್ಲ, ಚುಚ್ಚಿ ತೆರೆದ ವಯಲನ್ನು ನಾಳೆಗೆ ಇಡುವ ಹಾಗಿಲ್ಲ.

ಮಗ ಕೇಳಿದ್ದು, "ಇದೂ ರೋಗನಿರೋಧಕ ಶಕ್ತಿಯದ್ದೇ ಅಲ್ವಾ ಸಿಸ್ಟರ್, ಒಟ್ಟಿಗೆ ಅಮೃತಬಳ್ಳಿ ಕಷಾಯ ಕೊಡ್ಲಾ? ತೋಟದಲ್ಲೇ ಉಂಟು."

ಬೇಡವೇ ಬೇಡ ಅಂದೆ. ಈ ಮದ್ದು ಟಿ ಕೋಶಗಳ, ಅಂದರೆ ರೋಗದೊಡನೆ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳ ಮೇಲಿನ ತಡೆಯನ್ನು ತೆಗೆಯುತ್ತದೆ. ತಡೆ ತೆಗೆದಮೇಲೆ ಅವು ಗಡ್ಡೆಯನ್ನಷ್ಟೇ ಹುಡುಕಿಕೊಂಡು ಹೋಗುವುದಿಲ್ಲ. ಕರುಳು, ಶ್ವಾಸಕೋಶ, ಯಕೃತ್, ಥೈರಾಯ್ಡ್ ಎಲ್ಲಿಗೂ ನುಗ್ಗಬಹುದು, ಕೊನೆಯ ಡೋಸಾಗಿ ತಿಂಗಳುಗಳ ಮೇಲೂ. ಅಮೃತಬಳ್ಳಿ ಕುಡಿದ 6 ಮಂದಿಯಲ್ಲಿ ರೋಗನಿರೋಧಕ ವ್ಯವಸ್ಥೆಯೇ ಯಕೃತ್ತಿನ ಮೇಲೆ ತಿರುಗಿಬಿದ್ದಂಥ ಉರಿಯೂತವನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಎರಡೂ ಒಟ್ಟಾಗಿ ಕಣ್ಣು ಹಳದಿಯಾದರೆ ಯಾವುದರಿಂದ ಎಂದು ಹೇಳಲಾಗದೆ ಒಳ್ಳೆಯ ಮದ್ದನ್ನೇ ನಿಲ್ಲಿಸಬೇಕಾದೀತು. ಭೇದಿ ದಿನದ ರೂಢಿಗಿಂತ ನಾಲ್ಕು ಸಲ ಹೆಚ್ಚಾದರೆ ಅಂಗಡಿಯಿಂದ ಮಾತ್ರೆ ತಂದು ನಿಲ್ಲಿಸಬೇಡಿ, ಫೋನ್ ಮಾಡಿ ಅಂದೆ. ಒಣಕೆಮ್ಮು, ಏದುಸಿರು ಬಂದರೂ ಅಷ್ಟೇ. ಸ್ಟೀರಾಯ್ಡ್ ಕೊಟ್ಟರೆ ತಗ್ಗುತ್ತದೆ. ಆದರೆ ನಾಲ್ಕಾರು ವಾರ ಇಳಿಸುತ್ತಾ ಬರಬೇಕು, ಆರಾಮಾಯಿತೆಂದು ನಡುವೆ ಬಿಟ್ಟರೆ ಮತ್ತೆ ಏಳುತ್ತದೆ.

ಸುಸ್ತು ಅಂತಲೂ ಹೇಳಿದರು ಆ ಅಣ್ಣ, ಹೋದ ಸಲವೂ ಹೇಳಿದ್ದರು. ಮನೆಯವರು ಅದನ್ನು ಕ್ಯಾನ್ಸರಿನ ಲೆಕ್ಕಕ್ಕೆ ಬರೆದುಬಿಟ್ಟಿದ್ದಾರೆ. ಟಿ.ಎಸ್.ಎಚ್., ಅಂದರೆ ಥೈರಾಯ್ಡ್ ಟೆಸ್ಟ್, ನೋಡಿಸಬೇಕು. ಜೊತೆಗೆ ಅಡ್ರಿನಲ್ ಗ್ರಂಥಿಯ ಹಾರ್ಮೋನು ಕಾರ್ಟಿಸಾಲ್ ಕೂಡ, ಬೆಳಿಗ್ಗೆ 8ರ ರಕ್ತದಲ್ಲಿ. ಅಡ್ರಿನಲ್ ಕುಗ್ಗಿದ್ದು ಗೊತ್ತಾಗದೆ ಥೈರಾಕ್ಸಿನ್ ಮಾತ್ರೆ ಮೊದಲು ಶುರು ಮಾಡಿದರೆ ಬಿ.ಪಿ. ಬಿದ್ದುಹೋಗಬಹುದು. ಮೊದಲು ಸ್ಟೀರಾಯ್ಡ್, ಆಮೇಲೆ ಥೈರಾಕ್ಸಿನ್. ಡಾಕ್ಟರ್ ಬರುವ ಮೊದಲೇ ಫೈಲಿನ ಮೇಲೆ ಬರೆದು ಅಂಟಿಸಬೇಕು, ಸುಳ್ಯದಿಂದ ಬೆಳಿಗ್ಗೆ ಎಂಟಕ್ಕೆ ಇಲ್ಲಿ ತಲುಪುವುದು ಕಷ್ಟ, ಅಲ್ಲೇ ಯಾವುದಾದರೂ ಲ್ಯಾಬಿನಲ್ಲಿ ತೆಗೆಸಿ ತರಲಿ.