ಕಾಂಕ್ರೀಟ್ ಚಾವಣಿಗೆ ಉಯ್ಯಾಲೆ: ಆಂಕರ್ ಕೂರಿಸಿದ ಕೆಲಸದ ದಿನಚರಿ

ಡಿಸೆಂಬರ್ 7

ಅಜ್ಜಿಯ ಕಾಲದ ಹಲಸಿನ ಉಯ್ಯಾಲೆ ಹಲಗೆಯನ್ನು ಹೊಸ ಮನೆಯ ಚಾವಡಿಯಲ್ಲಿ ತೂಗಿಬಿಡುವ ಕೆಲಸವನ್ನು ಇಂದು ಕೈಗೆತ್ತಿಕೊಂಡೆ. ಉಡುಪಿಯ ಹತ್ತಿರದ ನಮ್ಮ ಹಳೆಯ ಹೆಂಚಿನ ಮನೆಯಲ್ಲಿ ಅದರ ಸರಪಳಿಗಳು ಮರದ ತೊಲೆಯನ್ನು ಸುತ್ತಿದ ಕಬ್ಬಿಣದ ಪಟ್ಟಿಯಿಂದ ಇಳಿಬಿದ್ದಿದ್ದವು. ಹೊರೆ ತೊಲೆಯ ಬೆನ್ನಿನ ಮೇಲೆ ಕೂರುತ್ತಿದ್ದುದರಿಂದ ಕಿತ್ತುಬರುವ ಪ್ರಶ್ನೆಯೇ ಅಲ್ಲಿರಲಿಲ್ಲ. ಹೊಸ ಮನೆಗೆ ತೊಲೆಯಿಲ್ಲ. ಇರುವುದು 125 ಮಿ.ಮೀ. ದಪ್ಪದ ಆರ್‌ಸಿಸಿ ಚಾವಣಿ. ಎರಕ ಹೊಯ್ಯುವ ದಿನವೇ ಸರಳಿಗೆ ಕೊಕ್ಕೆ ಸಿಕ್ಕಿಸಿಟ್ಟಿದ್ದರೆ ಒಳ್ಳೆಯದಿತ್ತು. ಅದಾಗದ ಮೇಲೆ ಉಳಿದಿರುವ ದಾರಿ, ಕೆಳಗಿನಿಂದ ತೂತು ಕೊರೆದು, ಗುರುತ್ವಕ್ಕೆ ನೇರ ಎದುರಾಗಿ ನಿಲ್ಲುವಂಥ ಆಂಕರನ್ನು, ಅಂದರೆ ಕಾಂಕ್ರೀಟಿಗೆ ಕಚ್ಚಿಕೊಳ್ಳುವ ಬೋಲ್ಟನ್ನು, ಅದರೊಳಗೆ ಕೂರಿಸುವುದೊಂದೇ.

ಮೊದಲು ಹೊರೆಯ ಲೆಕ್ಕ. ಇಬ್ಬರು ದೊಡ್ಡವರು ಕುಳಿತರೆ 150 ಕೆ.ಜಿ., ಹಲಗೆ ಮತ್ತು ಸರಪಳಿ 35 ಕೆ.ಜಿ., ಒಟ್ಟು 185. ಆದರೆ ತೂಗುವ ಉಯ್ಯಾಲೆ ನಿಂತ ಉಯ್ಯಾಲೆಗಿಂತ ಹೆಚ್ಚು ಭಾರ. ಲಂಬದಿಂದ 45 ಡಿಗ್ರಿಯವರೆಗೆ ಜೀಕಿ ಬಿಟ್ಟರೆ, ತೀರ ಕೆಳಗೆ ಬಂದ ಕ್ಷಣದಲ್ಲಿ ಸರಪಳಿಯ ಎಳೆತ ತೂಕದ ಸುಮಾರು 1.59 ಪಟ್ಟಾಗುತ್ತದೆ; 60 ಡಿಗ್ರಿಗೆ ಏರಿದರೆ ಸರಿಯಾಗಿ ಎರಡು ಪಟ್ಟು. ನಮ್ಮ ಚಾವಡಿಯಲ್ಲಿ 45ಕ್ಕಿಂತ ಮೇಲೆ ಹೋಗಲು ಜಾಗವಿಲ್ಲದ ಕಾರಣ 294 ಕೆ.ಜಿ. ಎಂದು ಹಿಡಿದಿದ್ದೇನೆ. ಇಬ್ಬರೂ ಒಂದೇ ತುದಿಗೆ ಸರಿದು ಕೂರುವುದು ಮನೆಯಲ್ಲಿ ದಿನವೂ ನಡೆಯುವುದರಿಂದ, ಎರಡು ತುದಿಗಳ ಪೈಕಿ ಯಾವುದೊಂದಾದರೂ ಈ ಪೂರ್ತಿ ಹೊರೆಯನ್ನು ತಾನೇ ಹೊರುವಂತಿರಬೇಕು ಎಂಬುದು ನನ್ನ ನಿಯಮ. ಚಾವಣಿಯೇ ಇದನ್ನು ತಾಳುತ್ತದೆಯೇ ಎಂಬುದನ್ನು ಮನೆಯ ನಕ್ಷೆ ಮಾಡಿದ ಎಂಜಿನಿಯರರಲ್ಲಿ ಕೇಳಿ, ಅವರು ಗುರುತಿಸಿಕೊಟ್ಟಂತೆ ಎರಡೂ ಜಾಗಗಳನ್ನು ಬೀಮಿನ ಸಮೀಪಕ್ಕೆ ತಂದಿದ್ದೇನೆ.

ಇದೇ ಸಂಜೆ 1:1.5:3 ಪ್ರಮಾಣದಲ್ಲಿ ಸಿಮೆಂಟು, ಮರಳು, ಜಲ್ಲಿ ಬೆರೆಸಿ, 150 ಮಿ.ಮೀ. ದಪ್ಪದ ಒಂದು ಪರೀಕ್ಷಾ ಚಪ್ಪಡಿಯನ್ನು ಹಿತ್ತಲಿನಲ್ಲಿ ಎರಕ ಹೊಯ್ದೆ. ಅದು 28 ದಿನ ನೀರುಂಡು ಗಟ್ಟಿಯಾಗುವವರೆಗೆ ಚಾವಣಿಯನ್ನು ಮುಟ್ಟುವುದಿಲ್ಲ.

ಡಿಸೆಂಬರ್ 21

ಈ ಎರಡು ವಾರ ಆಂಕರಿನ ಆಯ್ಕೆಯಲ್ಲೇ ಕಳೆದವು. ಹಿಂದೆ ಗೋಡೆಗೆ ಮರದ ಬೆಣೆ ಬಡಿದು ಅದಕ್ಕೆ ಸ್ಕ್ರೂ ತಿರುಗಿಸುತ್ತಿದ್ದರು. ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಕುಗ್ಗಿ ಆ ಬೆಣೆ ಸಡಿಲವಾಗುತ್ತಿತ್ತು. ನಮ್ಮ ಎಲೆಕ್ಟ್ರಿಷಿಯನ್ನರ ಬಾಯಲ್ಲಿ ಇಂದಿಗೂ ಇರುವ ‘ರಾಲ್ ಪ್ಲಗ್’ (ಸ್ಕ್ರೂ ಹಿಡಿಯಲೆಂದು ತೂತಿಗೆ ತೂರಿಸುವ ಕೊಳವೆ) ಎಂಬ ಮಾತು ಜಾನ್ ಜೋಸೆಫ್ ರಾಲಿಂಗ್ಸ್ ಎಂಬವರಿಂದ ಬಂದದ್ದು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಗೋಡೆ ಕೆಡದಂತೆ ವಿದ್ಯುತ್ ಸಲಕರಣೆ ಕೂರಿಸಬೇಕಾಗಿ ಬಂದಾಗ, ಸೆಣಬಿನ ನಾರನ್ನು ಅಂಟಿನಿಂದ ಬಿಗಿದು ಮಾಡಿದ ಕೊಳವೆಯನ್ನು ಅವರು ರೂಪಿಸಿ 1911ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದರು. 1958ರಲ್ಲಿ ಜರ್ಮನಿಯ ಆರ್ಟೂರ್ ಫಿಷರ್ ಅದನ್ನೇ ನೈಲಾನಿನಲ್ಲಿ, ಹಲ್ಲುಗಳುಳ್ಳ ಬೂದುಬಣ್ಣದ ಪ್ಲಗ್ಗಾಗಿ ತಂದರು. ಚಿತ್ರಪಟಕ್ಕೆ, ಪುಸ್ತಕದ ಕಪಾಟಿಗೆ ಅದಕ್ಕಿಂತ ಹೆಚ್ಚಿನದು ಬೇಕಿಲ್ಲ. ಮನುಷ್ಯರನ್ನು ತಲೆಯ ಮೇಲಿನಿಂದ ತೂಗಿಬಿಡುವ ಕೆಲಸಕ್ಕೆ ಮಾತ್ರ ಪ್ಲಾಸ್ಟಿಕ್ಕನ್ನು ನಾನು ಪರಿಗಣಿಸಲಾರೆ.

ರಾಸಾಯನಿಕ ಆಂಕರ್, ಅಂದರೆ ತೂತಿಗೆ ರಾಳ ತುಂಬಿ ಅದರಲ್ಲಿ ಸರಳು ನೆಡುವ ವಿಧಾನ, ಕಾಂಕ್ರೀಟನ್ನು ಒಳಗಿನಿಂದ ಹಿಗ್ಗಿಸುವುದಿಲ್ಲವಾದ್ದರಿಂದ ಅಂಚಿನ ಹತ್ತಿರಕ್ಕೂ ಟೊಳ್ಳು ಇಟ್ಟಿಗೆಗೂ ನಿಜಕ್ಕೂ ಉತ್ತಮ. ಆದರೆ ನಿರಂತರ ಕೆಳಮುಖ ಎಳೆತದಲ್ಲಿ ತಪ್ಪು ರಾಳ ಬಳಸಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಬಾಸ್ಟನ್ನಿನ ರಸ್ತೆ ಸುರಂಗವೇ ಸಾಕ್ಷಿ: 2006ರ ಜುಲೈ 10ರಂದು ಅಲ್ಲಿನ ಒಳಚಾವಣಿಯ ಕಾಂಕ್ರೀಟ್ ಫಲಕಗಳು ಕಾರಿನ ಮೇಲೆ ಕುಸಿದು ಒಬ್ಬ ಮಹಿಳೆ ಸತ್ತರು. ಬೇಗ ಗಟ್ಟಿಯಾಗುವ ಎಪಾಕ್ಸಿ ರಾಳವು ಸದಾ ಇದ್ದ ಹೊರೆಗೆ ನಿಧಾನವಾಗಿ ಜಾರುತ್ತ ಬಂದದ್ದೇ ಕಾರಣವೆಂದು ತನಿಖೆಯಲ್ಲಿ ತಿಳಿಯಿತು. 2012ರ ಡಿಸೆಂಬರಿನಲ್ಲಿ ಜಪಾನಿನ ಸಸಾಗೊ ಸುರಂಗದ ಫಲಕಗಳು ಬಿದ್ದು ಒಂಬತ್ತು ಜನ ತೀರಿಕೊಂಡಾಗಲೂ ಮೇಲೆ ಇದ್ದದ್ದು ರಾಳದಲ್ಲಿ ನೆಟ್ಟ ಬೋಲ್ಟುಗಳೇ. ಸರಿಯಾದ ರಾಳ, ಸರಿಯಾದ ಕೈ ಇದ್ದಲ್ಲಿ ಇದು ಸುರಕ್ಷಿತವೆಂದು ಒಪ್ಪುತ್ತೇನೆ. ಆದರೆ ತೂತಿನೊಳಗೆ ರಾಳ ಪೂರ್ತಿ ತುಂಬಿದೆಯೇ ಎಂಬುದನ್ನು ನನ್ನಂಥ ಹವ್ಯಾಸಿ ಕಣ್ಣಾರೆ ಕಾಣಲಾರ. ಯಾಂತ್ರಿಕ ಆಂಕರನ್ನಾದರೆ ಸ್ಪಾನರಿನ ಬಿಗಿತದಲ್ಲಿ ಕೈಯಾರೆ ಅರಿಯಬಹುದು.

ಹೀಗಾಗಿ ವೆಜ್ (ಬೆಣೆ) ಆಂಕರನ್ನು ಆರಿಸಿದೆ. ಇದರ ಬೋಲ್ಟಿನ ಒಳತುದಿ ಶಂಕುವಿನಂತೆ ಅಗಲವಾಗಿದ್ದು, ಅದರ ಕೊರಳಿನಲ್ಲಿ ಒಂದು ತೆಳ್ಳನೆಯ ಉಕ್ಕಿನ ಪಟ್ಟಿ ಇರುತ್ತದೆ. ನಟ್ ಬಿಗಿಯುತ್ತ ಹೋದಂತೆ ಶಂಕು ಪಟ್ಟಿಯೊಳಕ್ಕೆ ಎಳೆಯಲ್ಪಡುತ್ತದೆ, ಪಟ್ಟಿ ಅರಳಿ ತೂತಿನ ಗೋಡೆಯನ್ನು ಒತ್ತುತ್ತದೆ. ಹೊರೆ ಹೆಚ್ಚಾದರೆ ಶಂಕು ಇನ್ನಷ್ಟು ಕೆಳಗೆ ಬಂದು ಇನ್ನಷ್ಟು ಬಿಗಿಯುತ್ತದೆ. ಬೆಣೆಯ ತತ್ವ ಅದೇ ಹಳೆಯದು, ಆದರೆ ಬೆಣೆ ಈಗ ಒಳಗಿನಿಂದ ಹೊರಕ್ಕೆ ಬಡಿಯಲ್ಪಡುತ್ತದೆ.

ಅಳತೆ ಎಂ10, ಅಂದರೆ 10 ಮಿ.ಮೀ. ದಪ್ಪದ ಬೋಲ್ಟು; ಕಾಂಕ್ರೀಟಿನೊಳಗಿನ ಪರಿಣಾಮಕಾರಿ (ಹಿಡಿತ ಸಿಗುವ) ಆಳ 60 ಮಿ.ಮೀ. ಇಷ್ಟು ಕಡಿಮೆ ಆಳದ ಆಂಕರುಗಳಲ್ಲಿ ಸಾಮಾನ್ಯವಾಗಿ ಬೋಲ್ಟು ತುಂಡಾಗುವುದಿಲ್ಲ, ಕಾಂಕ್ರೀಟೇ ಆಲಿಕೆಯ ಆಕಾರದಲ್ಲಿ ಕಿತ್ತುಬರುತ್ತದೆ. ಆ ಆಲಿಕೆಯ ಬಲ ಆಳದ ಒಂದೂವರೆಯ ಘಾತಕ್ಕೆ ಅನುಗುಣವಾಗಿರುವುದರಿಂದ, 40 ಮಿ.ಮೀ. ಆಳವನ್ನು 60ಕ್ಕೆ ಏರಿಸಿದರೆ ಹಿಡಿತ 1.8 ಪಟ್ಟಿಗಿಂತ ಹೆಚ್ಚಾಗುತ್ತದೆ. ಅಂಗಡಿಯಲ್ಲಿ ಎಲ್ಲರೂ ಬೋಲ್ಟಿನ ದಪ್ಪವನ್ನು ಕೇಳಿ ಕೊಳ್ಳುತ್ತಾರೆ, ಕೇಳಬೇಕಾದದ್ದು ಆಳವನ್ನು. ಆಲಿಕೆಯ ತ್ರಿಜ್ಯ ಆಳದ ಒಂದೂವರೆ ಪಟ್ಟು ಎಂದು ಲೆಕ್ಕ ಹಿಡಿಯುವುದರಿಂದ, ಎರಡು ಆಂಕರುಗಳ ಆಲಿಕೆಗಳು ಒಂದರ ಮೇಲೊಂದು ಬೀಳದಿರಲು ಅವುಗಳ ನಡುವೆ 180 ಮಿ.ಮೀ. ಬೇಕು, ಅಂಚಿನಿಂದ 90 ಬೇಕು. ಆ ಕಾರಣಕ್ಕೆ 250 ಮಿ.ಮೀ. ಚೌಕದ, 10 ಮಿ.ಮೀ. ದಪ್ಪದ ಎರಡು ಉಕ್ಕಿನ ತಟ್ಟೆಗಳನ್ನು, ಉಯ್ಯಾಲೆಯ ತುದಿಗೊಂದರಂತೆ, ಕೊಯ್ಸಿ, ಪ್ರತಿಯೊಂದಕ್ಕೂ 180 ಮಿ.ಮೀ. ಅಂತರದಲ್ಲಿ ನಾಲ್ಕು ತೂತು ಹಾಕಿಸಿದ್ದೇನೆ.

ಲೋಹದ ವಿಷಯದಲ್ಲಿ ರಾಜಿಯಿಲ್ಲ. ಸತುವಿನ ತೆಳುಲೇಪದ ಮಾಮೂಲು ಆಂಕರುಗಳು ಒಣ ಒಳಾಂಗಣಕ್ಕೆ ಮಾತ್ರ ತಕ್ಕವು. ಅರಬ್ಬೀ ಸಮುದ್ರದ ಉಪ್ಪುಗಾಳಿ ಬೀಸುವ ತೆರೆದ ಚಾವಡಿಗೆ 316 ದರ್ಜೆಯ ಸ್ಟೇನ್‌ಲೆಸ್ ಉಕ್ಕೇ ಬೇಕೆಂದು, ತಟ್ಟೆ, ಬೋಲ್ಟು, ವಾಷರ್ ಎಲ್ಲವನ್ನೂ ಅದರಲ್ಲೇ ತರಿಸಿದೆ.

ಜನವರಿ 5

ಚಪ್ಪಡಿಗೆ 28 ದಿನ ಕಳೆದವು. ಆರು ತೂತುಗಳನ್ನು ಕೊರೆದು ಪರೀಕ್ಷಿಸಿದೆ.

ಮೊದಲನೆಯದರಲ್ಲೇ ನಟ್ ತಿರುಗಿಸಿದಂತೆಲ್ಲ ಇಡೀ ಬೋಲ್ಟು ಸುತ್ತತೊಡಗಿತು. ಕೊರೆಯುವಾಗ ಯಂತ್ರವನ್ನು ಓಲಾಡಿಸಿದ್ದರಿಂದ ತೂತು ಅಗಲವಾಗಿತ್ತು. ಎರಡನೆಯದರಲ್ಲಿ ಇದಕ್ಕೆ ತದ್ವಿರುದ್ಧ: ಮೊನೆ ಸವೆದ ಹಳೆಯ ಡ್ರಿಲ್ ಬಿಟ್ಟಿನಿಂದ ಕೊರೆದ ತೂತು ಕಿರಿದಾಗಿ, ಸುತ್ತಿಗೆಯ ಏಟಿಗೆ ಬೋಲ್ಟಿನ ಮರೆ (ತಿರುಪಿನ ಸುತ್ತುಗೆರೆ) ಹಾಳಾಯಿತು. ಹೊಸ 10 ಮಿ.ಮೀ. ಬಿಟ್ಟನ್ನು ಕ್ಯಾಲಿಪರಿನಲ್ಲಿ ಅಳೆದರೆ ತುದಿಯಲ್ಲಿ 10.3 ಮಿ.ಮೀ. ಇದೆ; ಆ ಮೂರು ಹತ್ತಂಶ ಉದ್ದೇಶಪೂರ್ವಕವಾಗಿ ಇಟ್ಟದ್ದೆಂದು ಆಗ ಅರ್ಥವಾಯಿತು. ಮೂರು ಮತ್ತು ನಾಲ್ಕನೆಯವನ್ನು ಒಂದೇ ಬಗೆಯಲ್ಲಿ ಕೊರೆದು, ಒಂದರ ಪುಡಿಯನ್ನು ಹಾಗೇ ಬಿಟ್ಟು ಇನ್ನೊಂದನ್ನು ಪಂಪಿನಿಂದ ಊದಿ, ಕುಂಚದಿಂದ ಉಜ್ಜಿ, ಮತ್ತೆ ಊದಿ ಸ್ವಚ್ಛಗೊಳಿಸಿದೆ. ಶುಚಿಯಾದದ್ದು ಮೂರು ಸುತ್ತಿನೊಳಗೆ ಕಚ್ಚಿಕೊಂಡಿತು. ಪುಡಿ ಇದ್ದದ್ದು ಎಂಟು ಸುತ್ತು ತಿರುಗಿಸಿದರೂ ಮೆತ್ತಗೆ ಕೆಳಗೆ ಸರಿಯುತ್ತಲೇ ಇತ್ತು, ಏಕೆಂದರೆ ಪಟ್ಟಿ ಕಾಂಕ್ರೀಟಿನ ಬದಲು ಹಿಟ್ಟನ್ನು ಒತ್ತುತ್ತಿತ್ತು. ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ಪರೀಕ್ಷೆ ಇದೇ. ಆಂಕರಿನ ಪೊಟ್ಟಣದ ಮೇಲೆ ಮುದ್ರಿಸಿದ ಬಲ ಶುಚಿಯಾದ, ನೇರವಾದ, ಸರಿಯಾದ ಅಳತೆಯ ತೂತಿಗೆ ಸೇರಿದ್ದೇ ಹೊರತು ಬೋಲ್ಟಿಗೆ ಸೇರಿದ್ದಲ್ಲ. ಉಳಿದ ಎರಡೂ ನಿಗದಿತ 45 ನ್ಯೂಟನ್ ಮೀಟರ್ ಬಿಗಿತಕ್ಕೆ ತೊಂದರೆಯಿಲ್ಲದೆ ಬಂದವು.

ಕುತೂಹಲಕ್ಕೆಂದು ಒಂದು ಆಂಕರನ್ನು ಮುರಕಲ್ಲಿನ ತುಂಡಿಗೂ ಹಾಕಿ ನೋಡಿದೆ. ಟಾರ್ಕ್ ರೆಂಚ್ (ಬಿಗಿತ ತೋರಿಸುವ ಸ್ಪಾನರ್) 15ಕ್ಕೆ ತಲುಪುವ ಮೊದಲೇ ಕಲ್ಲು ಎರಡಾಗಿ ಸೀಳಿತು. ಕರಾವಳಿಯ ಮುರಕಲ್ಲಿನ ಗೋಡೆಗಳಿಗೆ ಹಿಗ್ಗುವ ಆಂಕರನ್ನು ಎಂದೂ ಬಳಸಬಾರದೆಂದು ಇದರ ಮೇಲೆ ಹೇಳಬಲ್ಲೆ.

ಜನವರಿ 12

ಮೊದಲ ತಟ್ಟೆ ಕೂತಿತು. ತಟ್ಟೆಯ ಅಡಿಯ ಗಾರೆಯನ್ನು ಮೊದಲು ಕೆತ್ತಿ ತೆಗೆದು ಕಾಂಕ್ರೀಟನ್ನು ಬೆತ್ತಲೆ ಮಾಡಿಕೊಂಡೆ, 8 ಮಿ.ಮೀ. ಗಾರೆಯನ್ನು ಆಳದ ಲೆಕ್ಕಕ್ಕೆ ಸೇರಿಸಿದರೆ 60 ಎಂದುಕೊಂಡದ್ದು 52 ಆಗುತ್ತದೆ. ಬಿಟ್ಟಿಗೆ 75 ಮಿ.ಮೀ.ಗೆ ಟೇಪು ಸುತ್ತಿ ಗುರುತು ಮಾಡಿ, ಅರ್ಧ ಕತ್ತರಿಸಿದ ರಬ್ಬರ್ ಚೆಂಡನ್ನು ಪುಡಿ ಹಿಡಿಯಲು ಸಿಕ್ಕಿಸಿ, ಕನ್ನಡಕ ಮತ್ತು ಮುಖಗವಸು ಹಾಕಿಕೊಂಡು ಕೊರೆದೆ. ಸ್ಟೇನ್‌ಲೆಸ್ ನಟ್ಟು ಸ್ಟೇನ್‌ಲೆಸ್ ಮರೆಗೆ ಬಿಸಿಯೇರಿ ಅಂಟಿಕೊಳ್ಳುವ ಸ್ವಭಾವದ್ದಾದ್ದರಿಂದ ಅವಸರವಿಲ್ಲದೆ, ಕೈಯಿಂದಲೇ ಬಿಗಿದೆ.

ಎರಡನೆಯ ತಟ್ಟೆಯ ಮೊದಲ ತೂತಿನಲ್ಲಿ ತಡೆ ಬಂತು. 25 ಮಿ.ಮೀ. ಆಳದಲ್ಲಿ ಯಂತ್ರದ ಸದ್ದು ಬದಲಾಗಿ ಬಿಟ್ ಮುಂದೆ ಹೋಗದಾಯಿತು. ಎರಕಕ್ಕೆ ಮೊದಲು ತೆಗೆದಿಟ್ಟ ಛಾಯಾಚಿತ್ರದಲ್ಲಿ ಪಕ್ಕದಲ್ಲಿದ್ದಂತೆ ಕಂಡ ಸರಳು ಹೊಯ್ಯುವಾಗ ಜರುಗಿದ್ದಿರಬೇಕು. ಸರಳನ್ನು ಕೊರೆದು ದಾಟುವುದು ಚಾವಣಿಯ ನರವನ್ನೇ ಕಡಿದಂತೆ. ಕೆಲಸ ನಿಲ್ಲಿಸಿದೆ.

ಜನವರಿ 19

ಕೈಬಿಟ್ಟ ತೂತಿನಿಂದ ಹೊಸ ತೂತಿಗೆ ಅದರ ಆಳದ ಎರಡು ಪಟ್ಟಾದರೂ ದೂರವಿರಬೇಕೆಂಬ ನಿಯಮದಂತೆ ಇಡೀ ತಟ್ಟೆಯನ್ನು ಸರಳಿಗೆ ಅಡ್ಡಲಾಗಿ 60 ಮಿ.ಮೀ. ಸರಿಸಿದೆ. ಹಳೆಯ ತೂತಿಗೆ ಕುಗ್ಗದ ಗ್ರೌಟ್ (ಸಿಮೆಂಟಿನ ತಿಳಿ ಮಿಶ್ರಣ) ತುಂಬಿದೆ. ಸರಪಳಿಗಳು ಈಗ ಕಣ್ಣಿಗೆ ತಿಳಿಯದಷ್ಟು ಹೊರಕ್ಕೆ ವಾಲುತ್ತವೆ, ಅದರಿಂದ ಹಾನಿಯಿಲ್ಲ. ನಾಲ್ಕೂ ಆಂಕರುಗಳು 45ಕ್ಕೆ ಬಂದವು. ಪ್ರತಿ ನಟ್ಟಿನಿಂದ ತಟ್ಟೆಯವರೆಗೆ ಕೆಂಪು ಬಣ್ಣದ ಒಂದು ತೆಳು ಗೆರೆ ಎಳೆದಿದ್ದೇನೆ. ನಟ್ ಕಿಂಚಿತ್ ಸುತ್ತಿದರೂ ಗೆರೆ ಮುರಿಯುತ್ತದೆ. ಮೊದಲ ಬಿಗಿತ ದಿನ ಕಳೆದಂತೆ ಒಂದಷ್ಟು ಇಳಿಯುವುದು ವೆಜ್ ಆಂಕರಿನ ಸಹಜ ಗುಣವಾದ್ದರಿಂದ ಮತ್ತೆ ಮತ್ತೆ ಬಿಗಿಯುವುದಿಲ್ಲ.

ಜನವರಿ 27

ನಿನ್ನೆ ಬೆಳಗ್ಗೆ ಹಲಗೆಯ ಬದಲು ಬಲವಾದ ಮರದ ಚೌಕಟ್ಟನ್ನು ಸರಪಳಿಗೆ ಕಟ್ಟಿ, ನೆಲದಿಂದ ಒಂದು ಗೇಣು ಎತ್ತರದಲ್ಲಿ ನಿಲ್ಲಿಸಿ, 50 ಕೆ.ಜಿ.ಯ ಎಂಟು ಸಿಮೆಂಟು ಚೀಲಗಳನ್ನು ಒಂದೊಂದಾಗಿ ಏರಿಸಿದೆ. ಒಟ್ಟು 400 ಕೆ.ಜಿ. ಅದರಲ್ಲಿ ಆರು ಚೀಲಗಳನ್ನು ಒಂದು ಗಂಟೆಯ ಕಾಲ ಒಂದೇ ತುದಿಗೆ, ಆಮೇಲೆ ಇನ್ನೊಂದು ತುದಿಗೆ ಸರಿಸಿ, ಕೊನೆಗೆ ಎಲ್ಲವನ್ನೂ ಸಮನಾಗಿ ಹರಡಿ ಇಡೀ ರಾತ್ರಿ ಬಿಟ್ಟೆ. ಇಂದು ಬೆಳಗ್ಗೆ ಏಣಿ ಹತ್ತಿ ನೋಡಿದಾಗ ಎಂಟೂ ಕೆಂಪು ಗೆರೆಗಳು ಅಖಂಡವಾಗಿದ್ದವು. ತಟ್ಟೆಗೂ ಕಾಂಕ್ರೀಟಿಗೂ ನಡುವೆ 0.05 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಎಲ್ಲಿಯೂ ತೂರಲಿಲ್ಲ. ಸುತ್ತಲಿನ ಕಾಂಕ್ರೀಟಿನಲ್ಲಿ ಬಿರುಕಿಲ್ಲ.

ಹಲಸಿನ ಹಲಗೆಗೆ ಎಣ್ಣೆ ಹಚ್ಚಿ ಒಣಗಲು ಇಟ್ಟಿದ್ದೇನೆ, ಭಾನುವಾರ ಏರಿಸುತ್ತೇನೆ. ಗೆರೆಗಳ ಮುಂದಿನ ತಪಾಸಣೆ ಫೆಬ್ರವರಿಯ ಕೊನೆಗೆ, ಅದರ ನಂತರದ್ದು ಮಳೆಗಾಲ ಹಿಡಿಯುವ ಮುನ್ನ.