ಟ್ಯೂನರ್ ಪೆಡಲ್ ಯಾವುದು ತಗೊಳ್ಳಲಿ?

ತಿಂಗಳಿಗೆ ಎರಡು ಮೂರು ಸಲವಾದರೂ ಈ ಪ್ರಶ್ನೆ ಬರುತ್ತದೆ. "ಅಣ್ಣಾ, ಎಲೆಕ್ಟ್ರಿಕ್ ಗಿಟಾರ್ ತಗೊಂಡೆ. ಒಂದು ಡಿಸ್ಟಾರ್ಷನ್ ಪೆಡಲ್ ಇದೆ. ಈಗ ಟ್ಯೂನರ್ ಪೆಡಲ್ ತಗೋಬೇಕು ಅಂತಿದ್ದೀನಿ, ಯಾವುದು ಚೆನ್ನಾಗಿದೆ?" ಟ್ಯೂನರ್ ಪೆಡಲ್ ಅಂದರೆ ನೆಲದ ಮೇಲಿಟ್ಟು ಕಾಲಲ್ಲಿ ಒತ್ತುವ, ಗಿಟಾರಿನ ಶ್ರುತಿ ತೋರಿಸುವ ಪೆಟ್ಟಿಗೆ. ಕೇಳುವವರಿಗೆ ಬೇಕಿರುವುದು ಒಂದು ಹೆಸರು, ಅಷ್ಟೇ. ನಾನು ಮೊದಲು ತಿರುಗಿಸಿ ಕೇಳುವುದು, ಎಲ್ಲಿ ನುಡಿಸ್ತೀರಿ ಅಂತ.

ಮನೆಯಲ್ಲಿ ಮಾತ್ರ ಅಂದರೆ ಸದ್ಯಕ್ಕೆ ಬೇಡ. ಗಿಟಾರಿನ ತಲೆಗೆ ಸಿಕ್ಕಿಸುವ ಕ್ಲಿಪ್ ಟ್ಯೂನರ್ ಸಾಕು. ಅದೂ ಇಲ್ಲದಿದ್ದರೆ ಫೋನಿನ ಆ್ಯಪ್ ಇದೆ. ಉಳಿದ ದುಡ್ಡಿಗೆ ಒಂದು ಒಳ್ಳೆ ಕೇಬಲ್ ತಗೊಳ್ಳಿ, ಜಾಸ್ತಿ ಉಪಯೋಗ.

ಸ್ಟೇಜ್ ಹತ್ತುತ್ತೀರಿ ಅಂದರೆ ಕಥೆ ಬೇರೆ. ಕ್ಲಿಪ್ ಟ್ಯೂನರ್ ಹಿಡಿಯುವುದು ಮರದ ನಡುಕವನ್ನು. ಪಕ್ಕದಲ್ಲಿ ಬೇಸ್ ಆಂಪ್ ಗುಂಯ್ ಅನ್ನುತ್ತಿದ್ದರೆ ಆ ನಡುಕವೂ ಗಿಟಾರಿನ ಮೈಗೆ ಬರುತ್ತದೆ, ಮುಳ್ಳು ಕುಣಿಯಲು ಶುರು ಮಾಡುತ್ತದೆ. ಪೆಡಲ್‌ಗೆ ಈ ತಾಪತ್ರಯ ಇಲ್ಲ. ತಂತಿಯ ನಡುಕವನ್ನು ಹಿಡಿಯುವ ಪಿಕಪ್‌ನಿಂದ ಕೇಬಲ್‌ನಲ್ಲಿ ಬಂದದ್ದಷ್ಟೇ ಅದಕ್ಕೆ ಗೊತ್ತು.

ಆದರೂ ನಾನು ಪೆಡಲ್ ಕೊಂಡದ್ದು ಇದಕ್ಕಾಗಿ ಅಲ್ಲ. ಒಮ್ಮೆ ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದೆ. ಎರಡನೇ ಹಾಡು ಮುಗಿದು, ನಿರೂಪಕರು ದಾನಿಗಳ ಹೆಸರು ಓದುತ್ತಿದ್ದರು. ಬೆಂಡ್ ಮಾಡಿ ಮಾಡಿ, ಅಂದರೆ ತಂತಿಯನ್ನು ಪಕ್ಕಕ್ಕೆ ಎಳೆದು ಎಳೆದು, ನನ್ನ ಮೂರನೇ ತಂತಿ ಇಳಿದಿತ್ತು. ಕ್ಲಿಪ್ ನೋಡಿಕೊಂಡು ಏರಿಸುತ್ತಾ ಕೂತೆ. ವಾಲ್ಯೂಮ್ ಇಳಿಸುವುದು ಮರೆತೇ ಹೋಗಿತ್ತು. ಒಬ್ಬೊಬ್ಬ ದಾನಿಯ ಹೆಸರಿಗೂ ಹಿಂದಿನಿಂದ ಒಂದು "ಟುಂಯ್", ಅದೂ ದೊಡ್ಡ ದೊಡ್ಡ ಸ್ಪೀಕರ್‌ಗಳಲ್ಲಿ. ಐದನೇ ದಾನಿಯ ಹೊತ್ತಿಗೆ ಜನ ನಗಲು ಶುರು ಮಾಡಿದ್ದರು. ನಿರೂಪಕರು ನನ್ನ ಕಡೆ ತಿರುಗಿ ನೋಡಿದ ನೋಟ ಇನ್ನೂ ನೆನಪಿದೆ.

ಟ್ಯೂನರ್ ಪೆಡಲ್‌ನ ನಿಜವಾದ ಕೆಲಸ ಬಾಯಿ ಮುಚ್ಚಿಸುವುದು. ಕಾಲಲ್ಲಿ ಒತ್ತಿದರೆ ಗಿಟಾರ್ ಪೂರ್ತಿ ಮ್ಯೂಟ್. ಶ್ರುತಿ ಮಾಡಿಕೊಳ್ಳಿ, ಗಿಟಾರ್ ಬದಲಾಯಿಸಿ, ಕೇಬಲ್ ಕಿತ್ತು ಹಾಕಿ, ಯಾರಿಗೂ ಏನೂ ಕೇಳಿಸುವುದಿಲ್ಲ. ಇಲ್ಲಿ ಹೊಸಬರು ಮಾಡುವ ಒಂದು ತಪ್ಪಿದೆ. ಬಾಸ್ ಕಂಪನಿಯ ಟಿಯು-3 ಪೆಡಲ್‌ನಲ್ಲಿ ಹೊರಗೆ ಹೋಗುವ ತೂತು ಎರಡು. ಒಂದು ಔಟ್‌ಪುಟ್, ಇನ್ನೊಂದು ಬೈಪಾಸ್. ಬೈಪಾಸ್‌ಗೆ ಚುಚ್ಚಿದರೆ ಶ್ರುತಿ ಮಾಡುವಾಗಲೂ ಶಬ್ದ ಹೋಗುತ್ತಲೇ ಇರುತ್ತದೆ. "ಅಣ್ಣಾ, ಪೆಡಲ್ ಕೆಟ್ಟಿದೆ, ಮ್ಯೂಟೇ ಆಗ್ತಿಲ್ಲ" ಅಂತ ಫೋನ್ ಮಾಡಿದವರಿಗೆ ನಾನು ಮೊದಲು ಕೇಳುವುದು ಇದನ್ನೇ.

ಎರಡನೆಯದಾಗಿ ನೋಡಬೇಕಾದ್ದು ದೀಪ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಎಲ್ಲ ಪೆಡಲ್‌ಗಳೂ ಚೆನ್ನಾಗಿಯೇ ಕಾಣುತ್ತವೆ. ಸಂಜೆ ಐದಕ್ಕೆ ಪಡುವಣಕ್ಕೆ ಮುಖ ಮಾಡಿದ ಸ್ಟೇಜ್ ಮೇಲೆ ಸೌಂಡ್ ಚೆಕ್‌ಗೆ ನಿಂತು ನೋಡಿ. ಬಿಸಿಲು ನೇರ ಪೆಡಲ್ ಮೇಲೆ ಬೀಳುತ್ತದೆ. ಹಸಿರೂ ಒಂದೇ, ಕೆಂಪೂ ಒಂದೇ. ನಾನು ಬಗ್ಗಿ, ಅಂಗೈ ಅಡ್ಡ ಹಿಡಿದು, ಇನ್ನೊಂದು ಕೈಯಲ್ಲಿ ತಂತಿ ಮೀಟಿ, ಕೀ ತಿರುಗಿಸಲು ಮೂರನೇ ಕೈ ಹುಡುಕಿದ್ದೇನೆ. ಹಾಗಾಗಿ ಕೊಳ್ಳುವಾಗ ಪೆಡಲನ್ನು ನೆಲಕ್ಕಿಟ್ಟು, ಎದ್ದು ನಿಂತು ನೋಡಿ. ಆಗುವುದಾದರೆ ಅಂಗಡಿಯ ಬಾಗಿಲ ಹೊರಗೆ ತಂದು ಬಿಸಿಲಲ್ಲೂ ನೋಡಿ. ನಾಚಿಕೆ ಬೇಡ. ಟಿಯು-3ರಲ್ಲಿ ಹೊರಾಂಗಣಕ್ಕೆಂದೇ ಹೆಚ್ಚು ಬೆಳಕಿನ ಮೋಡ್ ಇದೆ.

ಜನ ತಲೆ ಕೆಡಿಸಿಕೊಳ್ಳುವುದು ಮಾತ್ರ ಇವೆರಡಕ್ಕೂ ಅಲ್ಲ. "ಇದು ಒಂದು ಸೆಂಟ್, ಅದು 0.1 ಸೆಂಟ್, ಹಾಗಾದರೆ ಅದೇ ಒಳ್ಳೇದಲ್ವಾ?" ಪಕ್ಕಪಕ್ಕದ ಎರಡು ಸ್ವರಗಳ ನಡುವಿನ ಅಂತರವನ್ನು ನೂರು ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ ಒಂದು ಸೆಂಟ್. ದಪ್ಪ ತಂತಿ ಇ ಸ್ವರಕ್ಕೆ, ಅಂದರೆ 82.41 ಹರ್ಟ್ಜ್‌ಗೆ ಇರುತ್ತದೆ. ಅಲ್ಲಿ ಒಂದು ಸೆಂಟ್ ಅಂದರೆ ಸುಮಾರು 0.05 ಹರ್ಟ್ಜ್. ನೀವು ಬೆರಳನ್ನು ತುಸು ಜೋರಾಗಿ ಒತ್ತಿದರೆ ಸ್ವರ ಅದಕ್ಕಿಂತ ಎಷ್ಟೋ ಜಾಸ್ತಿ ಏರುತ್ತದೆ. ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡುವವರಿಗೆ, ಗಿಟಾರ್ ರಿಪೇರಿ ಮಾಡುವವರಿಗೆ 0.1 ಸೆಂಟ್ ತೋರಿಸುವ ಸ್ಟ್ರೋಬ್ ಟ್ಯೂನರ್ ಬೇಕು, ಒಪ್ಪುತ್ತೇನೆ. ಆರ್ಕೆಸ್ಟ್ರಾದವನಿಗೆ ಒಂದು ಸೆಂಟ್ ಧಾರಾಳ.

ನಮ್ಮಲ್ಲಿ ಇನ್ನೊಂದು ದೂರೂ ಬರುತ್ತದೆ, ಕರ್ನಾಟಕ ಸಂಗೀತ ಕಲಿತು ಗಿಟಾರಿಗೆ ಬಂದವರಿಂದ. "ಆರೂ ತಂತಿಗೆ ಹಸಿರು ಬಂತು. ಆದರೂ ಇ ಮೇಜರ್ ಕಾರ್ಡ್ ಹಿಡಿದರೆ ಯಾಕೋ ಸರಿ ಇಲ್ಲ, ಟ್ಯೂನರ್ ಮೋಸ." ಮೋಸ ಅಲ್ಲ, ಅವರ ಕಿವಿ ಚುರುಕಾಗಿದೆ. ತಂಬೂರಿಯ ಷಡ್ಜದೊಳಗಿಂದ ತಾನಾಗಿ ಏಳುವ ಅಂತರ ಗಾಂಧಾರ ಸುಮಾರು 386 ಸೆಂಟ್‌ನಲ್ಲಿದೆ. ಗಿಟಾರಿನ ಫ್ರೆಟ್‌ಗಳು ಎಲ್ಲ ಸ್ವರಗಳಿಗೂ ಸಮ ಪಾಲು ಹಂಚಿ ಕೂರಿಸಿದ್ದು, ಅಲ್ಲಿ ಅದೇ ಗಾಂಧಾರ 400. ಹದಿನಾಲ್ಕು ಸೆಂಟ್ ಮೇಲೆ. ಆ ಕಿವಿಗೆ ಹಿತವಾಗಲಿ ಅಂತ, ಇ ಮೇಜರ್‌ನಲ್ಲಿ ಗಾಂಧಾರ ನುಡಿಯುವ ಮೂರನೇ ತಂತಿಯನ್ನು ಇಳಿಸಿದರೆ, ಜಿ ಮೇಜರ್ ಹಿಡಿದಾಗ ಆ ತಂತಿಯೇ ಷಡ್ಜ, ಪೂರ್ತಿ ಹಾಳು. ಸಾವಿರ ಸಾವಿರ ಕೊಟ್ಟು ಯಾವ ಪೆಡಲ್ ತಂದರೂ ಇದು ಬದಲಾಗುವುದಿಲ್ಲ.

ಇನ್ನು ಬಫರ್ ಮತ್ತು ಟ್ರೂ ಬೈಪಾಸ್. ಟ್ಯೂನರ್ ಆಫ್ ಇದ್ದಾಗಲೂ ನಿಮ್ಮ ಶಬ್ದ ಅದರ ಮೂಲಕವೇ ಹೋಗುತ್ತದಲ್ಲ, ಅದಕ್ಕೆ ಈ ಚರ್ಚೆ. ಕೇಬಲ್ ಉದ್ದವಾದಷ್ಟೂ ಶಬ್ದದ ಮೊನಚು ಕಡಿಮೆಯಾಗುತ್ತದೆ. ಗಿಟಾರಿನಿಂದ ಪೆಡಲ್‌ಗೆ ಐದು ಮೀಟರ್, ಅಲ್ಲಿಂದ ಆಂಪ್‌ಗೆ ಮತ್ತೆ ಐದಾರು ಮೀಟರ್ ಇದ್ದರೆ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ. ಬಫರ್ ಅಂದರೆ ಸಿಗ್ನಲ್‌ಗೆ ಬಲ ಕೊಡುವ ಸಣ್ಣ ಸರ್ಕ್ಯೂಟ್, ಅದಿರುವ ಪೆಡಲ್ ಎರಡನೇ ಕೇಬಲ್‌ನ ನಷ್ಟವನ್ನು ತಡೆಯುತ್ತದೆ. ಟ್ರೂ ಬೈಪಾಸ್‌ನಲ್ಲಿ ಅದಿಲ್ಲ, ಸುಮ್ನೆ ತಂತಿಯ ಹಾಗೆ ಶಬ್ದವನ್ನು ದಾಟಿಸುತ್ತದೆ. ಉದ್ದ ಕೇಬಲ್ ಇದ್ದರೆ ಬಫರ್ ತಗೊಳ್ಳಿ ಅನ್ನುತ್ತೇನೆ. ಹಳೇ ಥರದ ಫಜ್ ಪೆಡಲ್ ಇದ್ದರೆ ಅದನ್ನು ಮಾತ್ರ ಟ್ಯೂನರ್‌ಗಿಂತ ಮುಂಚೆ ಇಡಿ, ಅದಕ್ಕೆ ಬಫರ್ ಆಗಿಬರುವುದಿಲ್ಲ.

ಬಫರ್‌ಗೆ ಒಂದು ಕೆಟ್ಟ ಗುಣವೂ ಇದೆ. ಕರೆಂಟ್ ಹೋದರೆ ಅದು ಶಬ್ದವನ್ನು ದಾಟಿಸುವುದೇ ಇಲ್ಲ. ಒಂದು ಮದುವೆ ಆರತಕ್ಷತೆಯಲ್ಲಿ ಫೋಟೋ ತೆಗೆಯುವ ಹುಡುಗನ ಕಾಲಿಗೆ ನನ್ನ ಅಡಾಪ್ಟರ್ ವೈರ್ ಸಿಕ್ಕಿ ಕಳಚಿತ್ತು. ಆಂಪ್ ಉರೀತಿದೆ, ಗಿಟಾರ್ ಮೂಕ. ಎಲ್ಲ ಕೇಬಲ್ ಮುಟ್ಟಿ ನೋಡುವಷ್ಟರಲ್ಲಿ ಹಾಡೇ ಮುಗಿದಿತ್ತು. ಆಮೇಲಿಂದ ಅಡಾಪ್ಟರ್ ವೈರನ್ನು ಪೆಡಲ್‌ಗಳನ್ನು ಜೋಡಿಸುವ ಬೋರ್ಡಿಗೆ ಕಟ್ಟಿಯೇ ಇಡುತ್ತೇನೆ. ಅಡಾಪ್ಟರ್ ಅಂದಾಗ ಇನ್ನೊಂದು ನೆನಪಾಯಿತು. ಈ ಪೆಡಲ್‌ಗಳಿಗೆ ಬೇಕಾದದ್ದು 9 ವೋಲ್ಟ್, ಪಿನ್ನಿನ ಒಳಗೆ ಮೈನಸ್, ಹೊರಗೆ ಪ್ಲಸ್. ಮನೆಯ ವೈಫೈ ಪೆಟ್ಟಿಗೆಯ ಅಡಾಪ್ಟರುಗಳು ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ. ಪಿನ್ ಹಿಡಿಸಿತು ಅಂತ ಚುಚ್ಚಬೇಡಿ.

ಸರಿ, ಹೆಸರು ಬೇಕು ತಾನೇ? ಒರಟಾಗಿ ತುಳಿಯುವವರಿಗೆ, ಊರೂರು ಸುತ್ತುವವರಿಗೆ ಬಾಸ್ ಟಿಯು-3. 2010ರಲ್ಲಿ ಬಂದದ್ದು, ಇವತ್ತಿಗೂ ನನ್ನ ಮೊದಲ ಮಾತು ಅದೇ. ಅದರಿಂದಲೇ ಬೇರೆ ಪೆಡಲ್‌ಗಳಿಗೂ ಕರೆಂಟ್ ಕೊಡಬಹುದು. ಬೋರ್ಡಿನಲ್ಲಿ ಜಾಗ ಇಲ್ಲದಿದ್ದರೆ ಟಿಸಿ ಎಲೆಕ್ಟ್ರಾನಿಕ್‌ನ ಪುಟ್ಟ ಪಾಲಿಟ್ಯೂನ್. ಆರೂ ತಂತಿಯನ್ನು ಒಟ್ಟಿಗೆ ಎಳೆದರೆ ಯಾವುದು ಕೆಟ್ಟಿದೆ ಅಂತ ತೋರಿಸುತ್ತದೆ. ಹಾಡುಗಳ ನಡುವೆ ಹತ್ತು ಸೆಕೆಂಡ್ ಸಿಗುವವರಿಗೆ ಹೇಳಿ ಮಾಡಿಸಿದ್ದು. ಕೊರ್ಗ್ ಪಿಚ್‌ಬ್ಲ್ಯಾಕ್ ಕೂಡ ಒಳ್ಳೇದೇ.

ಕೊಂಡ ಮೇಲೂ ಮೂರನೇ ತಂತಿ ಕಾಡುತ್ತದೆ. ಕೀ ತಿರುಗಿಸುವಾಗ ನಟ್ ಹತ್ತಿರ, ಅಂದರೆ ಗಿಟಾರಿನ ತಲೆಯ ಬುಡದಲ್ಲಿ ತಂತಿಗಳು ಕೂರುವ ಪಟ್ಟಿಯ ಹತ್ತಿರ, "ಟಿಕ್" ಅಂದು ಸ್ವರ ಹಾರಿದರೆ ತಂತಿ ಅದರ ಕಚ್ಚಿನಲ್ಲಿ ಸಿಕ್ಕಿಕೊಂಡಿದೆ ಅಂತ ಅರ್ಥ. ಆ ಕಚ್ಚಿಗೆ ಪೆನ್ಸಿಲ್ ಉಜ್ಜಿ. ಶ್ರುತಿಯನ್ನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ತನ್ನಿ. ದಾಟಿತಾ, ಸ್ವರಕ್ಕಿಂತ ತುಸು ಕೆಳಗೆ ಇಳಿಸಿ ಮತ್ತೆ ಏರಿಸಿ.

ಭಜನೆ ಮಂಡಳಿಯ ಜೊತೆ ನುಡಿಸುವವರಿಗೆ ಒಂದು ಮಾತು. ಟ್ಯೂನರ್‌ಗಳು ಸಾಮಾನ್ಯವಾಗಿ ಎ ಸ್ವರವನ್ನು 440 ಹರ್ಟ್ಜ್ ಅಂತ ಇಟ್ಟುಕೊಂಡಿರುತ್ತವೆ, ಹಾರ್ಮೋನಿಯಂ ಕೂಡ 440ಕ್ಕೇ ಇರುತ್ತದೆ ಅಂತ ನಂಬಬೇಡಿ. ಬಿಳಿ ಆರು, ಅಂದರೆ ಎ ಸ್ವರದ ಬಿಳಿ ಕೀ, ಒತ್ತಿಸಿ, ಫೋನಿನ ಆ್ಯಪ್‌ನಲ್ಲಿ ಎಷ್ಟು ಬರುತ್ತದೆ ನೋಡಿ. 443 ಬಂದರೆ ಪೆಡಲನ್ನೂ 443ಕ್ಕೆ ಇಡಿ. ಟಿಯು-3ರಲ್ಲಿ 436ರಿಂದ 445ರವರೆಗೆ ಬದಲಾಯಿಸಬಹುದು. ಕಾರ್ಯಕ್ರಮ ಮುಗಿದ ಮೇಲೆ 440ಕ್ಕೆ ವಾಪಸ್ ತನ್ನಿ. ನಾನು ಒಮ್ಮೆ ತಂದಿರಲಿಲ್ಲ. ಮರುದಿನದ ಆರ್ಕೆಸ್ಟ್ರಾದಲ್ಲಿ ಆರೂ ತಂತಿಗೆ ಹಸಿರು ನೋಡಿಕೊಂಡೇ ಶುರು ಮಾಡಿದೆ. ಮೊದಲ ಹಾಡು ಮುಗಿಯುವವರೆಗೂ ಕೀಬೋರ್ಡಿನವನು ಬಾರಿಸುತ್ತಾ ನನ್ನನ್ನೇ ನೋಡುತ್ತಿದ್ದ.