ಕ್ಯಾರೆಟ್ ತಿಂದ್ರೆ ಸಾಲದಾ ಅಂತ ಕೇಳುವವರಿಗೆ

ಸಾಲದು.

ಇನ್ನು ಮುಂದೆ ಯಾರಾದರೂ ಕೇಳಿದರೆ ಈ ಬರಹವನ್ನೇ ಕಳಿಸುತ್ತೇನೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ.

ನಾನು ಕೆಲಸ ಮಾಡುವುದು ವಿಟಮಿನ್ ಎ ಹಿಡಿದಿಟ್ಟುಕೊಳ್ಳುವ ಒಂದು ಪ್ರೋಟೀನ್ ಮೇಲೆ. ಅಷ್ಟು ಹೇಳಿದರೆ ಸಾಕು, ಎದುರಿಗಿದ್ದವರ ಬಾಯಲ್ಲಿ ಕ್ಯಾರೆಟ್ ಬರುತ್ತದೆ. ಹೋದ ವರ್ಷ ಅರಸೀಕೆರೆ ಕಡೆ ಒಂದು ಮದುವೆ. ಪಂಕ್ತಿಯಲ್ಲಿ ಪಕ್ಕಕ್ಕೆ ಕೂತಿದ್ದ ದೂರದ ಮಾವ ಒಬ್ಬರು ಎಲೆ ಮೇಲಿನ ಕ್ಯಾರೆಟ್ ಕೋಸಂಬರಿ ತೋರಿಸಿ, "ಏನಮ್ಮ, ವಿಟಮಿನ್ ಎ ಅಂದ್ರೆ ಇದೇ ತಾನೆ? ಇದನ್ನ ತಿಂದ್ರೆ ಸಾಲದಾ? ಅದಕ್ಕೆ ಇಷ್ಟು ವರ್ಷ ಓದ್ಬೇಕಾ?" ಅಂದರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.

ಕೇಳಿದ್ದಕ್ಕೆ ಬೇಜಾರಿಲ್ಲ. ಆ "ಸಾಲದಾ" ಅನ್ನುವ ಮಾತಿಗೆ ಬೇಜಾರು. ಗಂಟಲಿಂದ ಕೆಳಗೆ ಇಳಿದರೆ ಕೆಲಸ ಮುಗಿಯಿತು ಅನ್ನುವ ಹಾಗೆ. ಅಸಲಿಗೆ ಕ್ಯಾರೆಟ್ಟಿನಲ್ಲಿ ವಿಟಮಿನ್ ಎ ಇರುವುದೇ ಇಲ್ಲ, ಇರುವುದು ಬೀಟಾ-ಕ್ಯಾರೋಟಿನ್. ಅದನ್ನು ಕತ್ತರಿಸಿ ವಿಟಮಿನ್ ಮಾಡಿಕೊಳ್ಳುವುದು ನಮ್ಮ ಸಣ್ಣ ಕರುಳು. ಜೊತೆಗೆ ಸ್ವಲ್ಪ ಜಿಡ್ಡು ಇಲ್ಲದಿದ್ದರೆ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಕೋಸಂಬರಿಯ ಕಾಯಿತುರಿ, ಒಗ್ಗರಣೆ ಎಣ್ಣೆ ಸುಮ್ನೆ ರುಚಿಗಲ್ಲ. ಇನ್ನು ಕ್ಯಾರೆಟ್ ತಿಂದರೆ ಕನ್ನಡಕ ಬಿಡಬಹುದಾ ಅನ್ನುವವರಿಗೆ: ಇಲ್ಲ. ದೂರದ್ದು ಮಸುಕಾಗುವುದು ಕಣ್ಣುಗುಡ್ಡೆಯ ಆಕಾರದಿಂದ.

ಸರಿಯಾದ ಪ್ರಶ್ನೆ ಕೇಳಿದ್ದು ಒಬ್ಬರೇ. ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವ ಅಜ್ಜಿ. ಹೊನಗೊನೆ ಸೊಪ್ಪಿನ ಕಟ್ಟು ಕೈಗೆ ಕೊಡುತ್ತಾ "ಕಣ್ಣಿಗೆ ಒಳ್ಳೇದು ಕಣವ್ವ" ಅಂದರು. ನಾನು ಓದುತ್ತಿರುವುದೂ ಅದನ್ನೇ ಅಜ್ಜಿ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ತಿಂದಿದ್ದು ಹೊಟ್ಟೆಗೆ ಹೋಯ್ತದೆ. ಅಲ್ಲಿಂದ ಕಣ್ಣಿಗೆ ಹೋಗ್ಬೇಕು ಅಂತ ಅದ್ಕೆ ಹೆಂಗೆ ಗೊತ್ತಾಯ್ತದೆ?"

ಎಷ್ಟು ವರ್ಷದಿಂದ ಯಾರಾದರೂ ಇದನ್ನು ಕೇಳಲಿ ಅಂತ ಕಾಯುತ್ತಿದ್ದೆನೋ! ಚೀಲ ಕೆಳಗಿಟ್ಟು ಅಲ್ಲೇ ಕೂತೆ.

ಅದಕ್ಕೆ ಗೊತ್ತಾಗಲ್ಲ ಅಜ್ಜಿ, ಅಂದೆ. ವಿಟಮಿನ್ ಎ ಅಂದರೆ ಜಿಡ್ಡಿನ ಜಾತಿ. ರಕ್ತ ನೀರಿನ ಜಾತಿ. ಸಾರಿನ ಮೇಲೆ ಎಣ್ಣೆ ತೇಲುವ ಹಾಗೆ ಎರಡೂ ಬೆರೆಯುವುದಿಲ್ಲ. ವಿಟಮಿನ್ನನ್ನು ಹಾಗೇ ಬಿಟ್ಟರೆ ಅದೂ ಕೆಡುತ್ತದೆ, ಜೀವಕೋಶದ ಪೊರೆಯನ್ನೂ ಹಾಳು ಮಾಡುತ್ತದೆ. ಅದಕ್ಕೇ ಲಿವರ್ ಅದನ್ನು ಕೂಡಿಟ್ಟುಕೊಂಡು, ಹೊರಗೆ ಕಳಿಸುವಾಗ ಹೊರುವವನ ಜೊತೆ ಕಳಿಸುತ್ತದೆ. ಆ ಹೊರುವವನ ಹೆಸರು ರೆಟಿನಾಲ್ ಬೈಂಡಿಂಗ್ ಪ್ರೋಟೀನ್. ರೆಟಿನಾಲ್ ಅಂದರೆ ವಿಟಮಿನ್ ಎ. 1968ರಲ್ಲಿ ಮನುಷ್ಯರ ರಕ್ತದಲ್ಲಿ ಗುರುತಿಸಿದ್ದು. ಒಂದು ಪ್ರೋಟೀನ್, ಅದರ ಹೊಟ್ಟೆಯೊಳಗಿನ ಪೊಟರೆಯಲ್ಲಿ ಒಂದೇ ಒಂದು ವಿಟಮಿನ್ ಅಣು. ಪೊಟರೆ ಖಾಲಿಯಿದ್ದರೆ ಹೆಚ್ಚಿನ ಪ್ರೋಟೀನು ಲಿವರ್ ಬಿಟ್ಟು ಹೊರಡುವುದಿಲ್ಲ. ಹೊರೆ ಬರುವ ತನಕ ಒಳಗೇ ಕಾಯುತ್ತದೆ. ಇದನ್ನು ಮೊದಲ ಸಲ ಓದಿದ ದಿನ ನನಗೆ ಮೈ ಜುಮ್ಮೆಂದಿತ್ತು, ಈಗಲೂ ಅನ್ನುತ್ತದೆ.

ಆದರೆ ಇದು ಚಿಕ್ಕ ಪ್ರೋಟೀನ್. ಒಂಟಿಯಾಗಿ ಹೋದರೆ ಕಿಡ್ನಿಯ ಜರಡಿಯಲ್ಲಿ ಸೋರಿಹೋಗುತ್ತದೆ. ಅದಕ್ಕೆ ಟ್ರಾನ್ಸ್‌ಥೈರೆಟಿನ್ ಅನ್ನುವ, ಎರಡೂವರೆ ಪಟ್ಟು ತೂಕದ ಇನ್ನೊಂದು ಪ್ರೋಟೀನ್ ಕೈಹಿಡಿದು ನಡೆಸುತ್ತದೆ. ಜೋಡಿ ಮೈಯೆಲ್ಲ ಸುತ್ತುತ್ತದೆ. ಕಣ್ಣಿನ ರೆಟಿನಾಕ್ಕೆ ಅಂಟಿಕೊಂಡ ಒಂದು ತೆಳು ಪದರದ ಜೀವಕೋಶಗಳಲ್ಲಿ ಇವರಿಗೆಂದೇ ಬಾಗಿಲಿದೆ. ಸ್ಟ್ರಾ6 ಅಂತ. ಅದು ಸಿಕ್ಕಿದ್ದು 2007ರಲ್ಲಿ. ಆ ಬಾಗಿಲಲ್ಲಿ ವಿಟಮಿನ್ ಮಾತ್ರ ಒಳಗೆ ಹೋಗುತ್ತದೆ.

"ಮೂಟೆ ಹೊರೋನು ಬಾಗ್ಲಲ್ಲೇ ನಿಂತ್ಕತಾನೆ ಅನ್ನು" ಅಂದರು ಅಜ್ಜಿ. ಇದಕ್ಕಿಂತ ಚೆನ್ನಾಗಿ ಯಾವ ತರಗತಿಯಲ್ಲೂ ನನಗೆ ಹೇಳಲು ಬಂದಿಲ್ಲ.

ಈಗ ಮಾವನ ಪ್ರಶ್ನೆಗೆ ಬರುತ್ತೇನೆ. ಕಾಳು, ಮೊಟ್ಟೆ, ಹಾಲು ಏನೂ ಸಿಗದೆ ಬರೀ ಮುದ್ದೆ, ಅನ್ನದಲ್ಲಿ ಬೆಳೆಯುವ ಮಗುವನ್ನು ನೆನೆಸಿಕೊಳ್ಳಿ. ಪ್ರೋಟೀನ್ ಕೊರತೆ ಜೋರಾದರೆ ಲಿವರ್‌ಗೆ ಈ ಹೊರುವವನನ್ನು ಬೇಕಾದಷ್ಟು ಮಾಡಲು ಆಗುವುದಿಲ್ಲ. ಆಗ ಲಿವರಿನಲ್ಲಿ ವಿಟಮಿನ್ ಇದ್ದರೂ ರಕ್ತದಲ್ಲಿ ಕಡಿಮೆ. ಕಣಜದಲ್ಲಿ ರಾಗಿ ಇದೆ, ಮನೆಗೆ ತರುವವರಿಲ್ಲ. ಸತು ಕಡಿಮೆಯಾದರೂ ಇದೇ ಗತಿ ಆಗಬಹುದು. ಅಂಥ ಮಗುವಿಗೆ ಕ್ಯಾರೆಟ್ ಒಂದೇ ಹೇಗೆ ಸಾಕಾಗುತ್ತೆ, ಹೇಳಿ?

ಇನ್ನು ನನ್ನ ಕೆಲಸ. ಅದು ಬಾಗಿಲಿನಿಂದ ಒಳಗೆ. ಜೀವಕೋಶದ ಒಳಗೂ ನೀರೇ ಅಲ್ವಾ? ಅಲ್ಲಿ ಸಿಆರ್‌ಬಿಪಿ1 ಅನ್ನುವ ಬೇರೆ ಪ್ರೋಟೀನ್ ವಿಟಮಿನ್ನನ್ನು ಮಡಿಲಿಗೆ ಹಾಕಿಕೊಳ್ಳುತ್ತದೆ. ನಾನು ಕೆಲಸ ಮಾಡುವುದು ಇದರ ಮೇಲೆಯೇ. ವಿಟಮಿನ್ನನ್ನು ಕೂಡಿಡುವ ಕಿಣ್ವಕ್ಕೋ, ಅದನ್ನು ರೆಟಿನಾಯಿಕ್ ಆಮ್ಲದ ಕಡೆಗೆ ಬದಲಾಯಿಸುವ ಕಿಣ್ವಕ್ಕೋ ಇದು ಒಪ್ಪಿಸುತ್ತದೆ. ಆ ಆಮ್ಲವನ್ನು ಮತ್ತೊಂದು ಪ್ರೋಟೀನ್ ನ್ಯೂಕ್ಲಿಯಸ್‌ಗೆ ಮುಟ್ಟಿಸುತ್ತದೆ. ಅಲ್ಲಿ ಅದು ಜೀನ್‌ಗಳಿಗೆ ಏಳು, ಮಲಗು ಅನ್ನುತ್ತದೆ. ಚರ್ಮ, ಶ್ವಾಸಕೋಶದ ಒಳಪದರ, ಹೊಟ್ಟೆಯಲ್ಲಿರುವ ಕೂಸು, ಎಲ್ಲಕ್ಕೂ ಆ ಮಾತು ಬೇಕು. ಹೆಚ್ಚಾದರೂ ಕೂಸಿಗೆ ಅಪಾಯ. ಬಸುರಿಯರು ಡಾಕ್ಟರನ್ನು ಕೇಳದೆ ವಿಟಮಿನ್ ಎ ಮಾತ್ರೆ ನುಂಗಬಾರದು ಅನ್ನುವುದು ಅದಕ್ಕೇ. ವಿಟಮಿನ್ ಎ ಅಂದರೆ ಕಣ್ಣು ಅಂತಷ್ಟೇ ನಿಲ್ಲಿಸುವವರ ಮೇಲೆ ನನಗೆ ಇನ್ನೂ ಜಾಸ್ತಿ ಸಿಟ್ಟಿದೆ.

"ನಿನ್ನ ಆ ಸಿಆರ್‌ಬಿಪಿ1 ಇಲ್ಲದಿದ್ರೆ ಏನಾಗುತ್ತೆ?" ಅಂತಲೂ ಯಾರೂ ಕೇಳಿಲ್ಲ. 1999ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸಿಆರ್‌ಬಿಪಿ1 ಇಲ್ಲದ ಇಲಿಗಳನ್ನು ಸಾಕಿದ್ದರು. ವಿಟಮಿನ್ ಇರುವ ಊಟ ಹಾಕುತ್ತಿದ್ದಷ್ಟು ದಿನ ಅವು ಆರಾಮಾಗಿದ್ದವು. ಓಡಾಡಿದವು, ಮರಿ ಹಾಕಿದವು. ಆದರೆ ಲಿವರ್ ತೆಗೆದು ನೋಡಿದರೆ ದಾಸ್ತಾನು ಉಳಿದ ಇಲಿಗಳ ಅರ್ಧದಷ್ಟೇ. ಖರ್ಚು ಮಾತ್ರ ಆರು ಪಟ್ಟು ವೇಗ. ಊಟದಲ್ಲಿ ವಿಟಮಿನ್ ಎ ನಿಲ್ಲಿಸಿದ ಕೆಲವೇ ತಿಂಗಳಲ್ಲಿ ಅವುಗಳ ಕಣಜ ಪೂರ್ತಿ ಖಾಲಿ.